ಸಾಲ್ಮಿಯಾದ ವೈಫೈ ಬಾಯಮ್ಮ

ಪ್ರೇಕ್ಷಾ, ಶ್ರೇಯಸ್,

ಮೊನ್ನೆ ಊರಿನಿಂದ ಫೋನ್ ಬಂದ ಮೇಲೆ ನಾನು ಅಡುಗೆಮನೆಯಲ್ಲಿ ಕೂತು ಅತ್ತೆ. ಯಾರು ತೀರಿಕೊಂಡದ್ದು ಎಂದು ನೀವಿಬ್ಬರೂ ಇಂಗ್ಲಿಷಿನಲ್ಲಿ ಕೇಳಿದಿರಿ. ಹಳೇ ಮನೆಯಲ್ಲಿ ನಮ್ಮ ಕೆಳಗಿದ್ದ ಬಾಯಮ್ಮ ಎಂದೆ. "ಓಹ್, ದಿ ವೈಫೈ ಆಂಟಿ!" ಎಂದು ಶ್ರೇಯಸ್ ತನ್ನ ಆಟಕ್ಕೆ ಮರಳಿದ. ನಿನ್ನ ಮೇಲೆ ಸಿಟ್ಟಿಲ್ಲ ಮಗಾ, ನೀನಾಗ ಬಹಳ ಸಣ್ಣವನು. ಆದರೆ ಆ ಹೆಂಗಸನ್ನು ಅಷ್ಟು ಮಾತಿನಲ್ಲಿ ಮುಗಿಸಲು ನಾನು ಬಿಡುವುದಿಲ್ಲ. ಏಳನೇ ಕ್ಲಾಸು ಓದಿದ ಅಜ್ಜಿ ಬರೆಯಲಿಕ್ಕೆ ಹೊರಟಳು ಎಂದು ನಿಮ್ಮ ಅಪ್ಪ ನಗಬಹುದು. ನಗಲಿ. ಇದರಲ್ಲಿ ಅವನ ವಿಷಯವೂ ಬರುತ್ತದೆ, ಅದನ್ನೂ ನಾನು ಮುಚ್ಚಿಡುವುದಿಲ್ಲ.

ಅವರ ಹೆಸರು ಬರೆಯುತ್ತಿಲ್ಲ. ನಾನು ಒಂದು ದಿನವೂ ಹೆಸರು ಹಿಡಿದು ಕರೆದದ್ದಿಲ್ಲ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಗೌರವದಿಂದ ಬಾಯಮ್ಮ ಎನ್ನುವುದು ರೂಢಿ. ಅವರ ಮನೆಮಾತು ಕೊಂಕಣಿ, ನನ್ನದು ತುಳು. ನಾವಿಬ್ಬರೂ ತುಳುವಿನಲ್ಲೇ ಹೆಚ್ಚು ಮಾತಾಡುತ್ತಿದ್ದೆವು, ಸಿಟ್ಟು ಬಂದರೆ ಮಾತ್ರ ಅವರು ಕೊಂಕಣಿಗೆ ಹೋಗುತ್ತಿದ್ದರು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆಯುತ್ತೇನೆ, ಶಾಲೆಯಲ್ಲಿ ಬರೆಯಲು ಕಲಿತದ್ದು ಅದೊಂದೇ.

ನಿಮ್ಮ ಅಜ್ಜ ಬದುಕಿದ್ದಷ್ಟು ಕಾಲ ಅವರು ಕುವೈತಿನ ಮಂಗಫ್‌ನಲ್ಲಿ, ನಾನು ಊರಿನಲ್ಲಿ. ಕಂಪನಿ ಬಸ್ಸು, ಕ್ಯಾಂಪಿನ ಊಟ, ರಿಫೈನರಿಯ ವಾಸನೆ, ಎಲ್ಲ ಅವರ ಬಾಯಿಂದ ಕೇಳಿದ್ದು ಮಾತ್ರ. ಅವರು ಹೋದ ಮೇಲೆ ನಿಮ್ಮ ಅಪ್ಪ ನನ್ನನ್ನು ಕುವೈತ್‌ಗೆ ಕರೆಸಿಕೊಂಡ. ಗಂಡ ದುಡಿದ ದೇಶವನ್ನು ನಾನು ನೋಡಿದ್ದು ಗಂಡ ಇಲ್ಲದ ಮೇಲೆ. ಮೊದಲ ಕೆಲವು ತಿಂಗಳು ಬಾಗಿಲು ಬಡಿದರೆ ತೆಗೆಯುತ್ತಿರಲಿಲ್ಲ. ಗಂಡಸರ ಧ್ವನಿ ಕೇಳಿದರೆ ಒಳಕೋಣೆಗೆ ಹೋಗಿ ನಿಲ್ಲುತ್ತಿದ್ದೆ. ನನ್ನ ಸ್ವಭಾವವೇ ಹಾಗೆ, ಈಗಲೂ ಪೂರಾ ಹೋಗಿಲ್ಲ.

ಒಂದು ಬೆಳಿಗ್ಗೆ ಬೆಲ್ ಆಯಿತು. ನಾನು ಬಾಗಿಲಿನ ಈಚೆ ಸುಮ್ಮನೆ ನಿಂತೆ.

"ಒಳಗೆ ಯಾರೋ ಉಸಿರಾಡುವುದು ಕೇಳ್ತದೆ," ಎಂದು ಹೊರಗಿನಿಂದ ಹೆಂಗಸಿನ ಧ್ವನಿ ಬಂತು. "ಬಾಗಿಲು ತೆಗಿ ಮಾರಾಯ್ತಿ. ನಾನು ಹುಲಿಯೂ ಅಲ್ಲ, ಮೀಟರ್ ನೋಡುವವನೂ ಅಲ್ಲ."

ತೆಗೆದೆ. ಅರುವತ್ತು ಮುಟ್ಟುತ್ತಿದ್ದ ಹೆಂಗಸು, ಹೂವಿನ ನೈಟಿ, ಕಪ್ಪು ಬಣ್ಣ ಹಾಕಿದ ಕೂದಲು, ಸರಪಳಿಯಲ್ಲಿ ನೇತಾಡುವ ಕನ್ನಡಕ, ತುಟಿಗೆ ಕೆಂಪು ಲಿಪ್‌ಸ್ಟಿಕ್. ಕೈಯಲ್ಲಿ ಬಂಗುಡೆ ಸಾರಿನ ಪಾತ್ರೆ. ಪಾತ್ರೆ ಕೊಟ್ಟು ಹೇಳಿದ ಮೊದಲ ಮಾತು: "ಖಾಲಿ ಮಾಡಿ ವಾಪಸ್ ಕೊಡಬೇಕು. ನನ್ನ ಹತ್ತಿರ ಇರುವುದು ಇದೊಂದೇ ಒಳ್ಳೆ ಪಾತ್ರೆ." ಅದು ಸುಳ್ಳು ಎಂದು ಆಮೇಲೆ ತಿಳಿಯಿತು. ಅವರ ಅಡುಗೆಮನೆಯಲ್ಲಿ ಪಾತ್ರೆಗಳ ರಾಶಿಯೇ ಇತ್ತು. ನಾನು ಒಮ್ಮೆಯಾದರೂ ಕೆಳಗಿಳಿದು ಅವರ ಮನೆಗೆ ಬರಬೇಕೆಂದು ಹೂಡಿದ ಉಪಾಯ ಅದು.

ಸಾಲ್ಮಿಯಾದ ಆ ಮನೆ ಹಿಂದೆ ಯಾರೋ ದೊಡ್ಡವರ ವಿಲ್ಲಾ ಆಗಿತ್ತಂತೆ. ಅದನ್ನು ಭಾಗ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಕೆಳಗೆ ಬಾಯಮ್ಮ ಒಬ್ಬರೇ. ಮೊದಲ ಮಹಡಿಯಲ್ಲಿ ನಾವು. ಎರಡನೆಯದರಲ್ಲಿ ನಮ್ಮ ಊರಿನ ಕಡೆಯವರೇ, ಹೋಟೆಲೊಂದರ ಮ್ಯಾನೇಜರು, ಹೆಂಡತಿಯ ಜೊತೆ. ಟೆರೇಸಿನ ಮೇಲೆ ಕಟ್ಟಿದ ಕೋಣೆಗಳಲ್ಲಿ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸದ ಹೆಂಗಸರು, ಆಂಧ್ರದವರು. ಅವರಲ್ಲಿ ಹಿರಿಯಳು ರಮಣಮ್ಮ.

ಗೋಡೆಗಳು ಕೋಟೆಯಂತೆ ದಪ್ಪ. ಪ್ರತಿಯೊಬ್ಬರೂ ತಮ್ಮ ತಮ್ಮ ರೌಟರ್ ಇಟ್ಟುಕೊಂಡಿದ್ದರು, ಯಾರ ಮನೆಯಲ್ಲೂ ಎರಡನೇ ಕೋಣೆಗೆ ನೆಟ್ ದಾಟುತ್ತಿರಲಿಲ್ಲ. ಟೆರೇಸಿಗೆ ಲೈನೇ ಇರಲಿಲ್ಲ. ಎಲ್ಲರ ರೌಟರಿನ ಗಾಳಿಯೂ ಸ್ವಲ್ಪ ಸ್ವಲ್ಪ ಬೀಳುವ ಜಾಗ ಮೆಟ್ಟಿಲು. ಹೀಗಾಗಿ ಸಂಜೆಯಾದರೆ ಇಡೀ ಮನೆ ಮೆಟ್ಟಿಲ ಮೇಲೆ. ರಮಣಮ್ಮ ತನ್ನ ಮಗಳ ಹತ್ತಿರ ಮಾತಾಡುವುದು, ನಿಮ್ಮ ಅಮ್ಮ ತನ್ನ ತವರಿಗೆ ಮಾತಾಡುವುದು, ಎಲ್ಲರಿಗೂ ಎಲ್ಲ ಗೊತ್ತು. ಮ್ಯಾನೇಜರರು ಮಾತ್ರ ಬೂಟು ಟಕಟಕ ಮಾಡುತ್ತಾ ಹತ್ತಿ, "ಇದು ಬಸ್ ಸ್ಟ್ಯಾಂಡಾ?" ಎಂದು ಗೊಣಗುತ್ತಿದ್ದರು.

ಬಾಯಮ್ಮ ರಾಯ್ ಎಂಬ ಪೇಟೆಯಲ್ಲಿದ್ದ ಒಂದು ಶೋರೂಮಿನಲ್ಲಿ ಲೆಕ್ಕ, ಆರ್ಡರು ನೋಡಿಕೊಳ್ಳುವ ಕೆಲಸಕ್ಕಿದ್ದರು. ಅಲ್ಲಿ ಮಾರುವುದು ರೌಟರಿನಂಥದ್ದೇ ಸಾಮಾನು. ಒಂದು ದಿನ ಮೆಟ್ಟಿಲ ಮೇಲೆ ಎಲ್ಲರನ್ನೂ ಕೂರಿಸಿ ಹೇಳಿದರು: "ನಮ್ಮದೆಲ್ಲ ಬೇರೆ ಬೇರೆ ರೌಟರ್. ಎಲ್ಲವೂ ಒಟ್ಟಿಗೆ ಬೊಬ್ಬೆ ಹೊಡೆಯುವುದು. ಒಂದು ಹೇಳಿದ್ದು ಇನ್ನೊಂದಕ್ಕೆ ಕೇಳುವುದಿಲ್ಲ. ಒಂದೇ ಒಳ್ಳೆ ಲೈನ್ ತೆಗೊಳ್ಳುವ. ಮಹಡಿಗೊಂದು ಆಕ್ಸೆಸ್ ಪಾಯಿಂಟ್ ಹಾಕುವ. ಎಲ್ಲವನ್ನೂ ಒಂದು ಕಂಟ್ರೋಲರ್ ನೋಡಿಕೊಳ್ತದೆ. ಟೆರೇಸಿಗೂ ಒಂದು. ಖರ್ಚೂ ನೆಟ್ಟೂ ಎಲ್ಲರಿಗೂ ಸಮ ಪಾಲು."

"ಟೆರೇಸಿಗೂ?" ಎಂದರು ಮ್ಯಾನೇಜರರು.

"ಟೆರೇಸಿಗೆ ಮೊದಲು," ಎಂದರು ಬಾಯಮ್ಮ.

ವಯರ್ ಎಳೆಯಲು ಮೆಟ್ಟಿಲಿನ ಗೋಡೆ ಕೊರೆಯಬೇಕಿತ್ತು. ಮನೆ ಕಾಯುತ್ತಿದ್ದ ಹಾರಿಸ್, ಈಜಿಪ್ಟ್ ದೇಶದ ಮಿಸ್ರಿ ಮುದುಕ, ಅಡ್ಡ ಬಂದು ನಿಂತ. ಬಾಯಮ್ಮನಿಗೆ ಬರುತ್ತಿದ್ದ ಅರಬ್ಬಿಯೇ ಸ್ವಲ್ಪ, ಆದರೆ ಅದರಲ್ಲಿ ಅವರು ಯಾರಿಗೂ ಸೋಲುತ್ತಿರಲಿಲ್ಲ. ಅವನು ಏನು ಹೇಳಿದರೂ "ಮಾಫಿ ಮುಶ್ಕಿಲ್", ತೊಂದರೆ ಇಲ್ಲ, ಎನ್ನುವುದು. ತೊಂದರೆ ಇದೆ ಎಂದು ಅವನು ಕೂಗಿದ. "ಮಾಫಿ ಮುಶ್ಕಿಲ್," ಎಂದು ಇವರು ಇನ್ನೂ ಪ್ರೀತಿಯಿಂದ ಹೇಳಿ, ಅವನ ಕೈಗೆ ಹುರಿದ ಮೀನಿನ ತಟ್ಟೆ ಕೊಟ್ಟು, ಅವನೆದುರಿಗೇ ಡ್ರಿಲ್ ಆನ್ ಮಾಡಿದರು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಮೀನು. ತಡೆಯಲು ಅವನಿಗೆ ಕೈಯೇ ಉಳಿಯಲಿಲ್ಲ.

ಕೆಲಸ ಮಾಡುವಾಗಲೂ ಲಿಪ್‌ಸ್ಟಿಕ್ ಇರಲೇಬೇಕು. ಸ್ಟೂಲಿನ ಮೇಲೆ ಅವರು, ಸ್ಟೂಲು ಹಿಡಿದುಕೊಂಡು ನಾನು. ಆಕ್ಸೆಸ್ ಪಾಯಿಂಟ್ ಎಂದರೆ ಕವಚಿಟ್ಟ ಬಿಳಿ ತಟ್ಟೆಯ ಹಾಗೆ, ನಡುವೆ ಉಂಗುರದಂಥ ದೀಪ. ಕಂಟ್ರೋಲರ್ ಅದಕ್ಕಿಂತ ಚಿಕ್ಕದು, ಸಾಬೂನಿನ ಪೆಟ್ಟಿಗೆಯಷ್ಟು. ಅದನ್ನು ಅವರು ತಮ್ಮ ಮನೆಯ ಮೇರಿ ಮಾತೆಯ ಚಿತ್ರದ ಕೆಳಗೆ ಇಟ್ಟರು. ಭಕ್ತಿಯೇ ಎಂದು ಕೇಳಿದೆ. "ಎಂತ ಭಕ್ತಿ? ಪ್ಲಗ್ ಇದ್ದದ್ದು ಅಲ್ಲಿ ಮಾತ್ರ," ಎಂದರು.

ಅವರ ಟ್ಯಾಬಿನಲ್ಲಿ ಒಂದೊಂದೇ ತಟ್ಟೆಯ ಚಿತ್ರ ಬಂತು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಒಂದು ಪದ. ನಾನು ಅಕ್ಷರ ಕೂಡಿಸಿ ಓದಿದೆ, ಅಡಾಪ್ಟ್. "ಅಂದರೆ ದತ್ತು ತೆಗೊಳ್ಳುವುದು," ಎಂದರು. "ಅಂಗಡಿಯಿಂದ ಬಂದಾಗ ಇವಕ್ಕೆ ಯಾರ ಪರಿಚಯವೂ ಇಲ್ಲ. ಕಂಟ್ರೋಲರ್ ದತ್ತು ತೆಗೊಂಡ ಮೇಲೆ ಅದು ಹೇಳಿದ ಹಾಗೆ ಕೇಳ್ತವೆ. ಒತ್ತು." ನಾನು ಒತ್ತಿದೆ. ಬಿಳಿ ದೀಪ ಮಿಣುಕಿ, ಸ್ವಲ್ಪ ಹೊತ್ತು ಯೋಚಿಸಿದ ಹಾಗೆ ನಿಂತು, ನೀಲಿಯಾಯಿತು. ಗಂಡ ಸತ್ತ ಮೇಲೆ ನಾನು ಹಲ್ಲು ಕಾಣುವಂತೆ ನಕ್ಕದ್ದು ಆಗಲೇ ಇರಬೇಕು.

ಅವರೇನು ಎಲ್ಲ ತಿಳಿದವರಲ್ಲ. ಮೊದಲು ಎಲ್ಲ ತಟ್ಟೆಗಳನ್ನೂ ಪೂರಾ ಜೋರಿನಲ್ಲಿ ಇಟ್ಟಿದ್ದರು. ಫೋನು ಹಿಡಿದು ಮೇಲೆ ಹೋದರೂ ಅದು ಕೆಳಗಿನದಕ್ಕೇ ಅಂಟಿಕೊಂಡು, ಮಾತು ತುಂಡು ತುಂಡಾಗುತ್ತಿತ್ತು. ಒಂದು ವಾರ ಗೋಡೆಯನ್ನು ಬೈದರು, ಸಿಮೆಂಟನ್ನು ಬೈದರು, ಕಟ್ಟಿದವನನ್ನು ಬೈದರು. ಆಮೇಲೆ ಒಂದು ದಿನ ಯಾರಿಗೂ ಹೇಳದೆ ಜೋರು ತಗ್ಗಿಸಿದರು. ಎಲ್ಲ ಸರಿಯಾಯಿತು. "ಗೋಡೆ ಒಣಗಿತು, ಅದಕ್ಕೇ," ಎಂದರು ನನ್ನ ಮುಖ ನೋಡದೆ.

ಎಲ್ಲರ ಫೋನಿನಲ್ಲೂ ಕಾಣುವ ಹೆಸರು ಏನಿರಬೇಕೆಂದು ಚರ್ಚೆಯಾಯಿತು. ಮ್ಯಾನೇಜರರು ಬಿಲ್ಡಿಂಗಿನ ಹೆಸರು ಎಂದರು. ನಿಮ್ಮ ಅಪ್ಪ ಏನೋ ಇಂಗ್ಲಿಷ್ ಹೆಸರು ಹೇಳಿದ. ಬಾಯಮ್ಮ ಕೇಳಿಸಿಕೊಂಡು, ಇಂಗ್ಲಿಷ್ ಅಕ್ಷರದಲ್ಲಿ 'ಎಲ್ಲರಿಗೂ' ಎಂದು ಹೊಡೆದು, ಖಲಾಸ್ ಎಂದರು.

ಮೆಟ್ಟಿಲು ಖಾಲಿಯಾಯಿತು. ಜನ ಅವರವರ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ಅವರವರ ಜನರ ಹತ್ತಿರ ಮಾತಾಡಿದರು. ರಮಣಮ್ಮ ಮಗಳ ಜೊತೆ ಜಗಳ ಮಾಡುವುದು ಕೇಳದೆ ನನಗೆ ಸ್ವಲ್ಪ ಬೇಜಾರೂ ಆಯಿತೆನ್ನಿ.

ಕ್ರಿಕೆಟ್ ಶುರುವಾದಾಗ ಗಲಾಟೆಯೂ ಶುರುವಾಯಿತು. ಒಂದು ಸಂಜೆ ಮ್ಯಾನೇಜರರ ಟೀವಿಯಲ್ಲಿ ಆಟ ನಿಂತು ನಿಂತು ಬಂತಂತೆ. ಅವರು ಕೆಳಗಿಳಿದು ಬಂದರು. ನಿಮ್ಮ ಅಪ್ಪನೂ ಅವರ ಹಿಂದೆ. ನಾನು ಬಾಯಮ್ಮನ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ.

"ಬಾಯಮ್ಮ, ನೀವೇ ಹೇಳಿ," ಎಂದರು ಮ್ಯಾನೇಜರರು. "ನಾವು ಫ್ಯಾಮಿಲಿಯವರು. ಮೇಲಿನವರು ಡ್ಯೂಟಿ ಬಿಟ್ಟು ಬಂದವರೇ ಇಡೀ ಸಂಜೆ ವಿಡಿಯೋ ಕಾಲ್. ನಮ್ಮದು ಸ್ಲೋ ಆಗದೆ ಇರ್ತದಾ? ಸಂಜೆ ಹೊತ್ತು ಟೆರೇಸಿನದ್ದು ಆಫ್ ಇಡಿ. ಕಂಟ್ರೋಲರಿನಲ್ಲಿ ಆಗ್ತದಂತಲ್ಲ."

"ಆಗ್ತದೆ. ನಾನು ಮಾಡುವುದಿಲ್ಲ."

"ಯಾಕೆ?"

"ನಿಮ್ಮ ಮ್ಯಾಚು ನಾಳೆ ಪುನಃ ತೋರಿಸ್ತಾರೆ. ಅವರ ಮಕ್ಕಳು ಮಲಗಿದ ಮೇಲೆ ಪುನಃ ತೋರಿಸುವವರು ಯಾರು?"

"ಆಂಟಿ, ಯಾರು ಎಷ್ಟು ಉಪಯೋಗಿಸ್ತಾರೆ ಅಂತ ನೋಡಿ ತೀರ್ಮಾನ ಮಾಡಬಹುದಲ್ಲ," ಎಂದ ನಿಮ್ಮ ಅಪ್ಪ.

"ನೋಡುವುದಿಲ್ಲ ಮಗಾ. ನೋಡಲಿಕ್ಕೆ ಶುರು ಮಾಡಿದರೆ ಮೊದಲು ಗಂಡಸರದ್ದೇ ಹೇಳಬೇಕಾದೀತು. ಆಮೇಲೆ ನಿಮ್ಮ ಹೆಂಡತಿಯರು ಊರಿಗೆ ಟಿಕೇಟ್ ಮಾಡಿಸಿಯಾರು."

ನನಗೆ ಒಳಗೆ ನಗು ತಡೆಯಲಾಗಲಿಲ್ಲ. ಬಾಯಮ್ಮ ಅವರೆದುರಿಗೇ ಟ್ಯಾಬ್ ತೆಗೆದು, ನಾಲ್ಕೂ ಕಡೆಗೆ ಒಂದೇ ವೇಗ, ಒಬ್ಬರು ಇನ್ನೊಬ್ಬರದ್ದು ಎಳೆಯದ ಹಾಗೆ, ಎಂದು ಬಿಗಿ ಮಾಡಿಬಿಟ್ಟರು. ತಮ್ಮದನ್ನೂ ಸೇರಿಸಿ. ಮ್ಯಾನೇಜರರು ಮುಖ ಕೆಂಪು ಮಾಡಿಕೊಂಡು ಹೋದರು.

ಅದೇ ವರ್ಷ ಶೋರೂಮಿನವರು ಅವರ ಇಕಾಮಾ ಮುಂದುವರಿಸುವುದಿಲ್ಲ ಎಂದರು. ವಯಸ್ಸಾಯಿತಂತೆ. ಇಕಾಮಾ ಇಲ್ಲದಿದ್ದರೆ ಈ ದೇಶದಲ್ಲಿ ನಿಲ್ಲುವ ಹಾಗಿಲ್ಲ, ನಿಮಗೆ ಗೊತ್ತು. ಯೌವನದಲ್ಲಿ ಬಂದವರು, ಯುದ್ಧದ ಕಾಲದಲ್ಲಿ ಓಡಿಹೋಗಿ ಮರಳಿ ಬಂದವರು. ಅಳುತ್ತಾರೇನೋ ಎಂದು ಹೆದರಿ ಕೆಳಗೆ ಹೋದೆ. ಅವರು ಕೂದಲಿಗೆ ಬಣ್ಣ ಹಾಕಿಕೊಳ್ಳುತ್ತಿದ್ದರು.

"ವಯಸ್ಸಾಯಿತು ಅಂತ ಹೇಳಿದವನಿಗೆ ನಾಳೆ ತೋರಿಸ್ತೇನೆ," ಎಂದರು. ಬ್ರಷ್ ಕೆಳಗಿಟ್ಟು, "ಕೂತ್ಕೋ. ಕಂಟ್ರೋಲರ್ ಇನ್ನು ನಿನ್ನದು," ಎಂದರು.

"ನನ್ನಿಂದ ಆಗುವುದಿಲ್ಲ ಬಾಯಮ್ಮ. ಮಗನಿಗೆ ಕೊಡಿ, ಓದಿದವನು."

"ನಿನ್ನ ಮಗ ಒಳ್ಳೆಯವನೇ. ಆದರೆ ಆ ಮ್ಯಾನೇಜರ್ ಒಮ್ಮೆ ಬೆನ್ನು ತಟ್ಟಿದರೆ ಕೊಟ್ಟುಬಿಡ್ತಾನೆ. ನಿನಗೆ ನಾಚಿಕೆ ಉಂಟು, ಹೆದರಿಕೆ ಇಲ್ಲ. ಎರಡೂ ಒಂದೇ ಅಂತ ನೀನು ತಿಳ್ಕೊಂಡದ್ದು."

ಅವರು ಹೊರಡುವವರೆಗೆ ದಿನಾ ಬೆಳಿಗ್ಗೆ ಪಾಠ. ಯಾವ ಚುಕ್ಕೆ ಯಾವ ಮಹಡಿ, ಹಸಿರು ಎಂದರೇನು, ಕೆಂಪು ಎಂದರೇನು. ನನಗೆ ಅರ್ಥವಾದದ್ದು ನನ್ನದೇ ರೀತಿಯಲ್ಲಿ. ಸಣ್ಣವಳಿದ್ದಾಗ ಗದ್ದೆಗೆ ನೀರು ತಿರುಗಿಸುವುದು ನನ್ನ ಕೆಲಸ. ಎಲ್ಲಿ ಕಟ್ಟಬೇಕು, ಎಲ್ಲಿ ಬಿಡಬೇಕು, ಕೊನೇ ಗದ್ದೆಗೂ ತಲುಪಬೇಕು. ಹಾಗೆಂದು ಹೇಳಿದಾಗ ಬಾಯಮ್ಮ, "ಹಾಗಾದರೆ ನಿನಗೆ ಎಂತ ಕಲಿಸುವುದು, ಇಂಗ್ಲಿಷ್ ಸ್ಪೆಲ್ಲಿಂಗಾ?" ಎಂದರು.

ಕಡೆಯ ದಿನ ಹೊಸ ಪಾಸ್‌ವರ್ಡ್ ಹಾಕಿಸಿದರು. ನಾನು ಟೈಪ್ ಮಾಡುವಾಗ ಕಿಟಕಿಯ ಕಡೆ ತಿರುಗಿ ನಿಂತರು. "ನನಗೂ ಹೇಳಬೇಡ. ಯಾರಿಗೂ ಹೇಳಬೇಡ." ಟ್ಯಾಕ್ಸಿ ಹತ್ತುವಾಗ ಹಾರಿಸ್ ಮುದುಕ ಪೆಟ್ಟಿಗೆ ಎತ್ತಿಕೊಟ್ಟು ಕಣ್ಣೊರೆಸಿಕೊಂಡ. "ಮಾಫಿ ಮುಶ್ಕಿಲ್," ಎಂದರು ಅವನಿಗೆ. ನನ್ನ ಕೆನ್ನೆ ಚಿವುಟಿದರು, ನೋವಾಗುವ ಹಾಗೆ.

ಕಂಟ್ರೋಲರ್ ನಮ್ಮ ಮನೆಯ ಶೆಲ್ಫಿಗೆ, ಅವರ ಟ್ಯಾಬ್ ನನ್ನ ಕೈಗೆ ಬಂತು. ವಾರ ಕಳೆಯಲಿಲ್ಲ, ನಿಮ್ಮ ಅಪ್ಪ ಹೇಳಿದ: "ಅಮ್ಮ, ಆ ಪಾಸ್‌ವರ್ಡ್ ಕೊಡಿ. ಮ್ಯಾನೇಜರ್ ಕೇಳ್ತಾ ಇದ್ದಾರೆ."

"ಇಲ್ಲ," ಎಂದೆ.

ಅವನಿಗೆ ನಾನು ಇಲ್ಲ ಎಂದದ್ದು ಅದೇ ಮೊದಲು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದ. ನಾನು ಇನ್ನೊಮ್ಮೆ ಹೇಳಿದೆ.

ಮರುದಿನ ನಾನು ಬಕಾಲಾ ಅಂಗಡಿಗೆ ಹೋಗಿ ತರಕಾರಿ ತರುವಷ್ಟರಲ್ಲಿ ಶೆಲ್ಫು ಖಾಲಿ. "ಪೆಟ್ಟಿಗೆ ಅವರು ತೆಗೊಂಡು ಹೋದರು," ಎಂದ ನಿಮ್ಮ ಅಪ್ಪ. "ಒಂದು ಪೆಟ್ಟಿಗೆಗಾಗಿ ನೆರೆಕರೆಯವರ ಹತ್ತಿರ ಜಗಳ ಯಾಕೆ?"

ಪೆಟ್ಟಿಗೆ ಯಾರ ಮನೆಯಲ್ಲಿದೆಯೋ ನೆಟ್ ಅವರದ್ದು ಎಂದು ಮ್ಯಾನೇಜರರು ತಿಳಿದಿದ್ದರು. ಅದನ್ನು ತಮ್ಮ ಟೀವಿಯ ಪಕ್ಕ ಇಟ್ಟುಕೊಂಡರು. ಏನೂ ಬದಲಾಗಲಿಲ್ಲ. ಪ್ಲಗ್ಗಿನಿಂದ ಕಿತ್ತರು. ಆಗಲೂ ಟೆರೇಸಿನಲ್ಲಿ ಮಾತುಕತೆ ನಡೆದೇ ಇತ್ತು. ಕಂಟ್ರೋಲರ್ ಆಜ್ಞೆ ಕೊಡುವುದಷ್ಟೇ, ಒಮ್ಮೆ ಕೇಳಿಸಿಕೊಂಡ ಮೇಲೆ ತಟ್ಟೆಗಳು ಅದನ್ನು ಮರೆಯುವುದಿಲ್ಲ ಎಂದು ಬಾಯಮ್ಮ ನನಗೆ ಹೇಳಿದ್ದರು. ನಾನು ಅದನ್ನು ಯಾರಿಗೂ ಹೇಳಲಿಲ್ಲ. ಎರಡು ದಿನ ಒಬ್ಬಳೇ ಖುಷಿಪಟ್ಟೆ.

ಆಮೇಲೆ ಮ್ಯಾನೇಜರರು ಯಾರನ್ನೋ ಕರೆಸಿ, ಟೆರೇಸಿನ ತಟ್ಟೆಯ ಸಣ್ಣ ತೂತಿಗೆ ಪಿನ್ನು ಹಾಕಿಸಿ ಒತ್ತಿಸಿದರು. ಅದು ಎಲ್ಲ ಮರೆತು ಅಂಗಡಿಯಿಂದ ಬಂದ ದಿನದ ಹಾಗಾಯಿತು.

ಶುಕ್ರವಾರ ಬೆಳಿಗ್ಗೆ ರಮಣಮ್ಮ ನಮ್ಮ ಬಾಗಿಲಿಗೆ ಬಂದಳು. ಊರಿನಲ್ಲಿ ಅವಳ ಮಗಳನ್ನು ಹೆರಿಗೆಗೆ ಸೇರಿಸಿದ್ದರು, ಮೊದಲನೆಯದು. ಹರಕು ಹಿಂದಿಯಲ್ಲಿ ಹೇಳಿದಳು, "ಅಮ್ಮಾ, ಊಪರ್ ನೆಟ್ ನಹೀಂ. ಬಚ್ಚಿ ಅಕೇಲಿ ಹೈ." ಮೇಲೆ ನೆಟ್ ಇಲ್ಲ, ಮಗಳು ಒಬ್ಬಳೇ ಇದ್ದಾಳೆ ಎಂದು. ಕೈಯಲ್ಲಿ ಫೋನು ಹಿಡಿದುಕೊಂಡೇ ಇದ್ದಳು. ಅವಳಿಗೆ ಗಂಡನಿಲ್ಲ, ಮಗಳಿಗೆ ಅಲ್ಲಿ ಬೇರೆ ಯಾರೂ ಇಲ್ಲ. ನಮ್ಮ ಮನೆಯ ಒಳಗೆ ಬಂದು ಮಾತಾಡು ಎಂದೆ. ಬರಲಿಲ್ಲ. ತನ್ನ ಪಾಲು ಕೊಟ್ಟದ್ದು ತನ್ನ ಕೋಣೆಗೆ ಎಂದು ತಲೆಯಲ್ಲಾಡಿಸಿದಳು. ಅವಳೂ ಬಾಯಮ್ಮನ ಹತ್ತಿರ ಕಲಿತವಳೇ.

ನಾನು ಸೆರಗು ಸುತ್ತಿಕೊಂಡು ಎರಡನೇ ಮಹಡಿಗೆ ಹತ್ತಿದೆ. ಮೊದಲ ಸಲ. ರಜಾ ದಿನ, ಒಳಗೆ ಮ್ಯಾನೇಜರರ ಸ್ನೇಹಿತರು ಕೂತಿದ್ದರು, ಎಲ್ಲ ಗಂಡಸರು. ಹೊಸ್ತಿಲಲ್ಲೇ ನಿಂತೆ.

"ಬನ್ನಿ ಬನ್ನಿ, ಕೂತ್ಕೊಳ್ಳಿ. ಚಾ ಕುಡೀರಿ," ಎಂದರು ಮ್ಯಾನೇಜರರು.

"ಚಾ ಬೇಡ. ಪೆಟ್ಟಿಗೆ ಕೊಡಿ."

"ಅದು ಇಡೀ ಬಿಲ್ಡಿಂಗಿನದ್ದಲ್ಲವಾ ಅಮ್ಮ?"

"ಹೌದು. ಅದಕ್ಕೇ ಕೇಳುವುದು."

ಸ್ನೇಹಿತರಲ್ಲಿ ಒಬ್ಬರು ಕೆಮ್ಮಿದರು. "ಸರಿ, ಕೊಟ್ಟರೆ ಅದರಲ್ಲಿ ಎಂತ ಮಾಡ್ತೀರಿ ನೀವು?" ಎಂದು ಮ್ಯಾನೇಜರರು ಎಲ್ಲರ ಮುಖ ನೋಡಿ ನಕ್ಕರು.

"ಟೆರೇಸಿನದ್ದನ್ನು ಪುನಃ ದತ್ತು ತೆಗೊಳ್ತೇನೆ."

ಎಲ್ಲರೂ ನಕ್ಕರು. ನಾನು ಹೊಸ್ತಿಲು ಬಿಡಲಿಲ್ಲ. ನಗು ಮುಗಿಯಿತು, ನಾನು ಅಲ್ಲೇ ಇದ್ದೆ. ಚಾ ಆರಿತು, ನಾನು ಅಲ್ಲೇ ಇದ್ದೆ. ಆಗ ಅವರ ಹೆಂಡತಿ ಒಳಗಿನಿಂದ ಬಂದು, ಟೀವಿಯ ಪಕ್ಕದಿಂದ ಪೆಟ್ಟಿಗೆ ತೆಗೆದು, ಗಂಡನ ಮುಖ ನೋಡದೆ ನನ್ನ ಕೈಯಲ್ಲಿಟ್ಟರು. "ತೆಗೊಳ್ಳಿ ಅಕ್ಕ. ಇದು ಬಂದ ಮೇಲೆ ಇವರು ಇದನ್ನೇ ಕೆದಕುವುದು, ಮ್ಯಾಚೂ ನೋಡುವುದಿಲ್ಲ, ನನ್ನನ್ನು ಸೀರಿಯಲ್ ನೋಡಲಿಕ್ಕೂ ಬಿಡುವುದಿಲ್ಲ."

ಕೆಳಗೆ ಬಂದು ಪ್ಲಗ್ ಹಾಕಿದೆ. ನಿಮ್ಮ ಅಪ್ಪ ಸಹಾಯಕ್ಕೆ ಎದ್ದ. ಕೂತಿರು ಎಂದೆ. ಒಂದೊಂದೇ ಅಕ್ಷರ ಹುಡುಕಿ ಪಾಸ್‌ವರ್ಡ್ ಹೊಡೆದೆ. ಟೆರೇಸಿನ ತಟ್ಟೆಯ ಚಿತ್ರ ಬಂತು, ಪಕ್ಕದಲ್ಲಿ ಅದೇ ಪದ. ಒತ್ತಿ, ಟ್ಯಾಬ್ ಹಿಡಿದುಕೊಂಡೇ ಮೇಲೆ ಹೋದೆ. ರಮಣಮ್ಮನೂ ನಾನೂ ಕತ್ತೆತ್ತಿ ನಿಂತೆವು. ಬಿಳಿ. ಮಿಣುಕು. ಆರಿಹೋಯಿತು. ಆಮೇಲೆ ನೀಲಿ.

ರಮಣಮ್ಮ ಬೆನ್ನು ಹಾಕಿ ನಿಂತು, ಮಗಳ ಹೆಸರು ಕೂಗಿ ಕೂಗಿ ತೆಲುಗಿನಲ್ಲಿ ಮಾತಾಡತೊಡಗಿದಳು. ಮಧ್ಯಾಹ್ನ ಹೆಣ್ಣು ಮಗು ಹುಟ್ಟಿತು. ಅದು ಕಣ್ಣು ಬಿಡುವುದನ್ನು ಟೆರೇಸಿನ ಹೆಂಗಸರೆಲ್ಲ ನೋಡಿದರಂತೆ.

ಟ್ಯಾಬಿನಲ್ಲಿ ಎರಡನೇ ಮಹಡಿಯ ಚುಕ್ಕೆಯೂ ಇತ್ತು. ಅದನ್ನು ಆಫ್ ಮಾಡುವುದು ಹೇಗೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೆರಳು ಅದರ ಮೇಲೆ ಸ್ವಲ್ಪ ಹೊತ್ತು ನಿಂತಿತು. ತೆಗೆದೆ.

ಅಂದೇ ಬಾಯಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹೊಗಳುತ್ತಾರೆ ಎಂದುಕೊಂಡಿದ್ದೆ.

"ಅವನದ್ದು ಕಟ್ ಮಾಡ್ಲಿಲ್ವಾ?" ಎಂದು ಕೇಳಿದರು.

"ಇಲ್ಲ."

"ಛೇ. ನಾನಾಗಿದ್ದರೆ ಫೈನಲ್ ದಿನ ಕಟ್ ಮಾಡ್ತಿದ್ದೆ ಮಾರಾಯ್ತಿ." ಆಮೇಲೆ ಬಹಳ ಹೊತ್ತು ನಕ್ಕರು. ನಗು ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ. ಅವರು ಅತ್ತದ್ದು ನಾನು ಕೇಳಿದ್ದು ಅದೊಂದೇ ಸಲ.

ಆ ಮನೆ ಕೆಡಹುವವರೆಗೆ ಕಂಟ್ರೋಲರ್ ನನ್ನ ಹತ್ತಿರವೇ ಇತ್ತು. ಟೆರೇಸಿನ ದೀಪ ಒಂದು ಸಂಜೆಯೂ ಆರಲಿಲ್ಲ. ಮ್ಯಾನೇಜರರು ಮತ್ತೆ ಕೇಳಲಿಲ್ಲ, ನಿಮ್ಮ ಅಪ್ಪ ಮತ್ತೆ ಕೊಡಲಿಲ್ಲ.

ಮಕ್ಕಳೇ, ಈ ಹಾಳೆಗಳನ್ನು ನೀವು ಈಗ ಓದಲಾರಿರಿ ಎಂದು ನನಗೆ ಗೊತ್ತು. ನಿಮಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಅಕ್ಷರ ಬರುವುದಿಲ್ಲ. ಇಂಗ್ಲಿಷಿನಲ್ಲಿ ಬರೆಸಿ ಕೊಡಿ ಎಂದು ನಿಮ್ಮ ಅಪ್ಪ ಹೇಳಿದ. ಅವನಿಗೆ ಎರಡನೇ ಸಲ ಇಲ್ಲ ಎಂದೆ. ಕಲಿಯಿರಿ. ನಾನು ಆ ಟ್ಯಾಬಿನ ಇಂಗ್ಲಿಷ್ ಕಲಿತ ವಯಸ್ಸಿಗಿಂತ ನೀವು ಬಹಳ ಚಿಕ್ಕವರು. ಅಲ್ಲಿಯವರೆಗೆ ಇವನ್ನು ನಿಮ್ಮ ಪಾಸ್‌ಪೋರ್ಟ್ ಇಡುವ ಡ್ರಾಯರಿನಲ್ಲಿಡಿ. ಮನೆ ಬದಲಾಯಿಸುವಾಗ ಬಿಟ್ಟು ಹೋಗಬೇಡಿ, ಹಳೇ ಪೇಪರು ಎಂದು ಯಾರಿಗೂ ಕೊಡಬೇಡಿ. ಯಾರು ಕೇಳಿದರೂ ಕೊಡಬೇಡಿ.